ಕೆಜಿಗೆ ಎಷ್ಟು ಬಿತ್ತು? ರೇಷ್ಮೆ ನೂಲಿನ ಜೊತೆ ಪ್ರೋಸೆಸ್ ಕಾಸ್ಟಿಂಗ್

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೀಲರ್ (ಗೂಡಿನಿಂದ ನೂಲು ತೆಗೆಯುವವರು) ಒಬ್ಬರು ಖರೀದಿ ಮಾಡೋದನ್ನು ನಿಂತು ನೋಡಬೇಕು. ರೈತರು ಸುರಿದಿಟ್ಟ ರೇಷ್ಮೆ ಗೂಡಿನ ರಾಶಿಗೆ ಕೈ ಹಾಕುತ್ತಾರೆ. ಒಂದು ಹಿಡಿ ಎತ್ತುತ್ತಾರೆ. ಬೆರಳಲ್ಲಿ ಅದುಮುತ್ತಾರೆ, ಕಿವಿ ಹತ್ತಿರ ಅಲ್ಲಾಡಿಸುತ್ತಾರೆ, ಮುಖದಲ್ಲಿ ಏನೂ ತೋರಿಸದೆ ಮುಂದಿನ ರಾಶಿಗೆ ಹೋಗುತ್ತಾರೆ. ಅಷ್ಟರಲ್ಲಿ ಅವರ ತಲೆಯಲ್ಲಿ ಒಂದು ಭಾಗಾಕಾರ ಮುಗಿದಿರುತ್ತದೆ.

ಆ ಭಾಗಾಕಾರದ ಹೆಸರು ರೆಂಡಿಟ್ಟಾ. ಒಂದು ಕೆಜಿ ಕಚ್ಚಾ ರೇಷ್ಮೆ ತೆಗೆಯೋಕೆ ಎಷ್ಟು ಕೆಜಿ ಗೂಡು ಬೇಕು ಅನ್ನೋ ಲೆಕ್ಕ ಅದು. ಹಳದಿ ಮಿಶ್ರತಳಿ ಗೂಡಾದರೆ ಸುಮಾರು 7 ಕೆಜಿ ಬೇಕು. ಒಳ್ಳೆಯ ಬಿಳಿ ದ್ವಿತಳಿ ಗೂಡಾದರೆ ಸುಮಾರು 6 ಸಾಕು. ಹಳದಿ ಗೂಡು ಕೆಜಿಗೆ 500 ರೂಪಾಯಿ, ಬಿಳಿ ಗೂಡು 560 ರೂಪಾಯಿ ಅಂದುಕೊಳ್ಳಿ. ಯಾವುದು ಅಗ್ಗ? ಗೂಡಿನ ಮೇಲೆ ಕಣ್ಣಿಟ್ಟವರು ಹಳದಿ ಅಂತಾರೆ. ನೂಲಿನ ಮೇಲೆ ಕಣ್ಣಿಟ್ಟವರು ಗುಣಿಸಿ ನೋಡುತ್ತಾರೆ. ಹಳದಿಯಲ್ಲಿ ಒಂದು ಕೆಜಿ ನೂಲಿಗೆ 3,500 ರೂಪಾಯಿಯ ಗೂಡು ಬೇಕು, ಬಿಳಿಯಲ್ಲಿ 3,360. ಕೆಜಿಗೆ 60 ರೂಪಾಯಿ ಜಾಸ್ತಿ ಕೊಟ್ಟ ಗೂಡೇ ಕೊನೆಗೆ ಅಗ್ಗವಾಯಿತು.

ಕಾಲೇಜಿನಲ್ಲಿ ಪ್ರೋಸೆಸ್ ಕಾಸ್ಟಿಂಗ್ ಅಂತ ಕಲಿಸೋದು ಇದೇ ಯೋಚನೆಯನ್ನು, ಸ್ವಲ್ಪ ಉದ್ದ ಮಾಡಿ. ನಾನು ಬಿ.ಕಾಂ ಓದುವಾಗ ಈ ಲೆಕ್ಕಗಳನ್ನು ಸುಮ್ನೆ ಬಾಯಿಪಾಠ ಮಾಡಿದ್ದೆ. ಪುಸ್ತಕದಲ್ಲಿ ಬರೀ ‘ಪ್ರೋಸೆಸ್ ಎ’, ‘ಪ್ರೋಸೆಸ್ ಬಿ’. ಅಲ್ಲಿ ತಯಾರಾಗೋದು ಸೋಪೋ ಸಿಮೆಂಟೋ ಯಾರಿಗೂ ಗೊತ್ತಿಲ್ಲ. 10% ಹಾಳಾಯಿತು ಅಂತ ಬರೆದಿರೋರು, ಯಾಕೆ ಹಾಳಾಯಿತು ಅಂತ ಹೇಳ್ತಿರಲಿಲ್ಲ. ಅದಕ್ಕೇ ಇಲ್ಲಿ ಎ, ಬಿ ಬೇಡ. ಗೂಡು ನೂಲಾಗಿ, ನೂಲು ಹುರಿಯಾಗಿ, ಹುರಿಗೆ ಬಣ್ಣ ಬೀಳೋವರೆಗೆ ಒಂದೇ ಮಾಲಿನ ಹಿಂದೆ ಹೋಗೋಣ. ರೂಪಾಯಿ ಲೆಕ್ಕಗಳೆಲ್ಲ ಉದಾಹರಣೆಗೆ ನಾನು ಹಾಕಿಕೊಂಡವು. ಮಾರುಕಟ್ಟೆಯ ದರ ದಿನಕ್ಕೊಂದು ಇರುತ್ತದೆ.

ಮೊದಲು, ಈ ಪದ್ಧತಿ ಎಲ್ಲಿಗೆ ಸಲ್ಲುತ್ತದೆ ಅನ್ನೋದು. ಮಗಳ ಮದುವೆಗೆ ಅಂತ ಒಬ್ಬರು ನೇಕಾರರ ಹತ್ತಿರ ಹೇಳಿ ಸೀರೆ ಮಾಡಿಸುತ್ತಾರೆ. ಇಂಥದ್ದೇ ಅಂಚು, ಇಷ್ಟೇ ಜರಿ, ಸೆರಗಿನಲ್ಲಿ ನವಿಲು. ಆ ಸೀರೆಗೆ ಹಿಡಿದ ನೂಲು, ಜರಿ, ದಿನಗಳು ಎಲ್ಲವನ್ನೂ ಆ ಸೀರೆಯ ಹೆಸರಿನಲ್ಲೇ ಬರೆದಿಡಬಹುದು. ಅದು ಜಾಬ್ ಕಾಸ್ಟಿಂಗ್. ನೂಲಿಗೆ ಹೀಗೆ ಮಾಡೋಕೆ ಆಗಲ್ಲ. ಬಿಸಿನೀರಿನಲ್ಲಿಟ್ಟ ಗೂಡಿನಿಂದ ಎಳೆ ಬಿಚ್ಚುವ ತೊಟ್ಟಿಗೆ ಬೇಸಿನ್ ಅಂತಾರೆ. ಒಂದು ಬೇಸಿನ್‌ನಿಂದ ಬಂದ ಎಳೆಗೂ ಪಕ್ಕದ ಬೇಸಿನ್‌ನ ಎಳೆಗೂ ವ್ಯತ್ಯಾಸವಿಲ್ಲ. ‘ಈ ಲಡಿಗೆ ಎಷ್ಟು ಸೌದೆ ಉರಿಯಿತು’ ಅಂತ ಕೇಳಿದರೆ ನಗುತ್ತಾರೆ. ಒಂದೇ ಥರದ ಮಾಲು, ಸತತವಾಗಿ, ಒಂದು ಹಂತ ದಾಟಿ ಇನ್ನೊಂದಕ್ಕೆ ಹರಿಯುತ್ತಾ ಹೋಗುವ ಕಡೆ ಇರುವ ದಾರಿ ಒಂದೇ. ಒಂದು ತಿಂಗಳಲ್ಲಿ ಆ ಹಂತಕ್ಕೆ ಬಿದ್ದ ಖರ್ಚನ್ನೆಲ್ಲ ಕೂಡಿಸಬೇಕು, ಆ ತಿಂಗಳಲ್ಲಿ ಬಂದ ಮಾಲಿನಿಂದ ಭಾಗಿಸಬೇಕು. ಸಕ್ಕರೆ, ಸಿಮೆಂಟ್, ಪೇಂಟ್, ಕಾಗದ, ಹಾಲಿನ ಪುಡಿ, ಎಲ್ಲದಕ್ಕೂ ಇದೇ.

ಕೇಳೋಕೆ ಸುಲಭ. ಖರ್ಚು ಕೂಡಿಸೋದು ನಿಜವಾಗಿಯೂ ಸುಲಭವೇ, ಬಿಲ್ ಇರುತ್ತದೆ, ಹಾಜರಿ ಪುಸ್ತಕ ಇರುತ್ತದೆ. ತಲೆಬಿಸಿ ಎಲ್ಲ ಇರೋದು ಭಾಗಾಕಾರದ ಗೆರೆಯ ಕೆಳಗೆ. ಶಾಲೆಯಲ್ಲಿ ಛೇದ ಅಂತಿದ್ದೆವಲ್ಲ, ಆ ಸಂಖ್ಯೆ. ‘ಬಂದ ಮಾಲು’ ಅಂದರೆ ಎಷ್ಟು? ಮುಂದಿನ ಲೆಕ್ಕವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ನೂಲು ಬಿಚ್ಚುವ ಮನೆ

ಒಂದು ಘಟಕ ತಿಂಗಳಿಗೆ 7,000 ಕೆಜಿ ಗೂಡು ಕೊಂಡಿತು. ಕೆಜಿಗೆ 500ರಂತೆ 35,00,000 ರೂಪಾಯಿ. ಗೂಡನ್ನು ಬಿಸಿಗಾಳಿ ಅಥವಾ ಹಬೆಯಲ್ಲಿ ಇಟ್ಟು ಒಳಗಿನ ಹುಳುವನ್ನು ಸಾಯಿಸಬೇಕು. ಇಲ್ಲದಿದ್ದರೆ ಅದು ಚಿಟ್ಟೆಯಾಗಿ ಗೂಡು ಕೊರೆದು ಹೊರಬರುತ್ತದೆ, ಎಳೆ ತುಂಡಾಗುತ್ತದೆ. ಆಮೇಲೆ ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹುಡುಕಿ, ಹಲವು ಗೂಡುಗಳ ಎಳೆ ಸೇರಿಸಿ ಸುತ್ತಬೇಕು. ಇದಕ್ಕೆಲ್ಲ ಕೂಲಿ, ಸೌದೆ, ಕರೆಂಟು, ನೀರು, ಬಾಡಿಗೆ, ಯಂತ್ರದ ಸವಕಳಿ ಸೇರಿ 8,00,000 ರೂಪಾಯಿ. ಒಟ್ಟು 43,00,000.

ಇದನ್ನು 7,000ದಿಂದ ಭಾಗಿಸಿದರೆ 614 ರೂಪಾಯಿ ಚಿಲ್ಲರೆ ಬರುತ್ತದೆ. ಆ ಸಂಖ್ಯೆಯಿಂದ ಯಾರಿಗೂ ಉಪಯೋಗವಿಲ್ಲ, ಯಾಕಂದರೆ ಈ ಘಟಕ ಗೂಡು ಮಾರಲ್ಲ. ಒಳಗೆ ಹೋದದ್ದು 7,000 ಕೆಜಿ, ರೆಂಡಿಟ್ಟಾ 7ರಂತೆ ಹೊರಗೆ ಬರಬೇಕಾದ್ದು 1,000 ಕೆಜಿ ನೂಲು. ಉಳಿದ 6,000 ಕೆಜಿ? ಅದರಲ್ಲಿ ಹೆಚ್ಚಿನ ಪಾಲು ಸತ್ತ ಹುಳು ಮತ್ತು ಅದರೊಳಗಿನ ನೀರು. ಒಂದಷ್ಟು ತುಂಡು ಎಳೆ, ಬಿಚ್ಚೋಕೆ ಬಾರದ ಒಳಪೊರೆ. ಇದು ಯಾರ ತಪ್ಪೂ ಅಲ್ಲ. ಎಷ್ಟೇ ಜಾಣ ಕೆಲಸಗಾರರಿದ್ದರೂ ಹುಳುವನ್ನು ನೂಲು ಮಾಡೋಕೆ ಆಗಲ್ಲ. ಲೆಕ್ಕದವರು ಇದಕ್ಕೆ ಸಾಮಾನ್ಯ ನಷ್ಟ ಅಂತಾರೆ. ನಷ್ಟ ಅನ್ನೋ ಪದವೇ ಸರಿಯಿಲ್ಲ ಅಂತ ನನಗನ್ನಿಸುತ್ತದೆ. ತೆಂಗಿನಕಾಯಿ ಒಡೆದರೆ ಚಿಪ್ಪು ಬಂತು ಅಂತ ಯಾರಾದರೂ ನಷ್ಟ ಅಂತಾರಾ? ಆದರೆ ಪುಸ್ತಕದಲ್ಲಿ ಹಾಗೇ ಇದೆ, ಇರಲಿ.

ಸಾಮಾನ್ಯ ನಷ್ಟದ ನಿಯಮ ಸರಳ. ಅದರ ಖರ್ಚನ್ನು ಒಳ್ಳೆಯ ಮಾಲೇ ಹೊರಬೇಕು. ಅಂದರೆ ಛೇದದಿಂದ ಅದನ್ನು ತೆಗೆದುಬಿಡಬೇಕು. ಆದರೆ ಅದರಿಂದ ದುಡ್ಡು ಬಂದರೆ ಆ ದುಡ್ಡನ್ನು ಮೇಲಿನ ಖರ್ಚಿನಿಂದ ಕಳೆಯಬೇಕು. ಇಲ್ಲಿ ದುಡ್ಡು ಬರುತ್ತದೆ. ರೇಷ್ಮೆ ವೇಸ್ಟನ್ನು ಸ್ಪನ್ ಸಿಲ್ಕ್ ಮಾಡುವವರು ಕೊಳ್ಳುತ್ತಾರೆ. ಹುಳುವಿನಿಂದ ಎಣ್ಣೆ ತೆಗೆಯುತ್ತಾರೆ, ಕೋಳಿ, ಮೀನಿನ ಮೇವಿಗೂ ಹಾಕುತ್ತಾರೆ. ಎರಡೂ ಸೇರಿ ತಿಂಗಳಿಗೆ 2,00,000 ರೂಪಾಯಿ ಬಂತು ಅಂತಿಟ್ಟುಕೊಳ್ಳಿ.

43,00,000ದಲ್ಲಿ 2,00,000 ಕಳೆದರೆ 41,00,000. ಅದನ್ನು 1,000ದಿಂದ ಭಾಗಿಸಿದರೆ ಕೆಜಿಗೆ 4,100 ರೂಪಾಯಿ. ನೂಲಿನ ಅಸಲು ಸಿಕ್ಕಿತು.

ಆದರೆ ತಿಂಗಳ ಕೊನೆಗೆ ತಕ್ಕಡಿಗೆ ಇಟ್ಟಾಗ ನೂಲು 960 ಕೆಜಿ ಮಾತ್ರ ಇತ್ತು. ವಿಚಾರಿಸಿದರೆ, ಒಂದು ಲಾಟಿನ 280 ಕೆಜಿ ಗೂಡನ್ನು ಸರಿಯಾಗಿ ಒಣಗಿಸಿರಲಿಲ್ಲ, ಬೂಷ್ಟು ಹಿಡಿದು ಹಾಳಾಯಿತು. ರೆಂಡಿಟ್ಟಾ 7ರಂತೆ ಅದು 40 ಕೆಜಿ ನೂಲು.

ಈಗ 41,00,000ವನ್ನು 960ರಿಂದ ಭಾಗಿಸಿದರೆ ಕೆಜಿಗೆ ಸುಮಾರು 4,271 ರೂಪಾಯಿ. ಹೀಗೆ ಮಾಡಬೇಕು ಅಂತ ಮೊದಲಿಗೆ ಅನ್ನಿಸೋದು ಸಹಜ. ಬಂದದ್ದು 960 ತಾನೇ? ಆದರೆ ಬೂಷ್ಟು ಬಂದದ್ದು ನೂಲಿನ ಗುಣದಿಂದಲ್ಲ, ಒಬ್ಬರ ಅಸಡ್ಡೆಯಿಂದ. ಆ ಅಸಡ್ಡೆಯನ್ನು ಒಳ್ಳೆಯ ನೂಲಿನ ಬೆನ್ನಿಗೆ ಕಟ್ಟಿದರೆ ಎರಡು ಅನಾಹುತ ಆಗುತ್ತದೆ. ಒಂದು, ನೂಲಿನ ಅಸಲು 171 ರೂಪಾಯಿ ಉಬ್ಬಿ, ‘ಈ ರೇಟಿಗೆ ಮಾರಿದರೆ ಗಿಟ್ಟಲ್ಲ’ ಅಂತ ಗಿರಾಕಿಯನ್ನು ವಾಪಸ್ ಕಳಿಸುತ್ತೀರಿ. ಎರಡು, ತಪ್ಪು ಎಲ್ಲಿಯೂ ಕಾಣದೆ ಮುಚ್ಚಿಹೋಗುತ್ತದೆ. ಮುಂದಿನ ತಿಂಗಳೂ ಅದೇ ಬೂಷ್ಟು.

ಅದಕ್ಕೇ ಛೇದದಲ್ಲಿ 1,000ವನ್ನೇ ಇಡುತ್ತಾರೆ. ದರ 4,100. ಒಳ್ಳೆಯ ನೂಲು 960 ಕೆಜಿಗೆ 39,36,000. ಹಾಳಾದ 40 ಕೆಜಿಗೆ 1,64,000. ಈ 1,64,000ಕ್ಕೆ ಅಸಾಮಾನ್ಯ ನಷ್ಟ ಅಂತ ಬೇರೆ ಖಾತೆ. ಬೂಷ್ಟು ಹಿಡಿದ ಗೂಡಿಗೂ ಚೂರುಪಾರು ದುಡ್ಡು ಬಂದರೆ ಅದನ್ನು ಇಲ್ಲೇ ಕಳೆದು, ಉಳಿದದ್ದು ನೇರವಾಗಿ ಲಾಭ-ನಷ್ಟದ ಖಾತೆಗೆ ಹೋಗುತ್ತದೆ. ಮಾಲೀಕರ ಕಣ್ಣಿಗೆ ಅದು ಬೀಳಲೇಬೇಕು. ಇದು ಬರೀ ಒಳ್ಳೆಯ ಅಭ್ಯಾಸವಲ್ಲ, ನಿಯಮವೂ ಹೌದು. ದಾಸ್ತಾನಿನ ಲೆಕ್ಕಕ್ಕೆ ನಮ್ಮಲ್ಲಿರುವ ಇಂಡ್ ಎಎಸ್ 2 ಅನ್ನೋ ಮಾನದಂಡ, ಅಸಾಮಾನ್ಯವಾಗಿ ಹಾಳಾದದ್ದನ್ನು ದಾಸ್ತಾನಿನ ಬೆಲೆಗೆ ಸೇರಿಸಬಾರದು ಅಂತ ಸ್ಪಷ್ಟವಾಗಿ ಹೇಳುತ್ತದೆ.

ಉಲ್ಟಾನೂ ಆಗಬಹುದು. ಗೂಡು ಚೆನ್ನಾಗಿ ಬಿಚ್ಚಿಕೊಂಡು 1,010 ಕೆಜಿ ಬಂತು ಅನ್ನಿ. ಆಗಲೂ ದರ 4,100ರಲ್ಲೇ ನಿಲ್ಲುತ್ತದೆ. ಹೆಚ್ಚಿಗೆ ಬಂದ 10 ಕೆಜಿಯ 41,000 ಅಸಾಮಾನ್ಯ ಲಾಭ ಅಂತ ಬೇರೆ ಕಡೆ ಕೂರುತ್ತದೆ.

ಇದೇ ಜಾತಿಯ ಇನ್ನೊಂದು ಪೇಚು ಗೂಡು ಕಡಿಮೆ ಬರುವ ತಿಂಗಳಿನದು. ಮೇಲಿನ 8,00,000ದಲ್ಲಿ ಬಾಡಿಗೆ, ಮೇಲ್ವಿಚಾರಕರ ಸಂಬಳ, ಸವಕಳಿ ಸೇರಿ 2,00,000 ರೂಪಾಯಿ ಕೆಲಸ ಇರಲಿ ಬಿಡಲಿ ಬೀಳುವಂಥದ್ದು ಅಂದುಕೊಳ್ಳಿ. 1,000 ಕೆಜಿ ಬಂದಾಗ ಅದು ಕೆಜಿಗೆ 200. ಗೂಡಿನ ಆವಕ ಕುಸಿದು 500 ಕೆಜಿ ಮಾತ್ರ ತೆಗೆದರೆ ಕೆಜಿಗೆ 400. ನೂಲು ಅದೇ, ಯಂತ್ರ ಅದೇ, ಅಸಲು ಮಾತ್ರ ಏರಿಬಿಟ್ಟಿತು! ಇಲ್ಲೂ ಮಾನದಂಡದ ಮಾತು ಒಂದೇ. ಇಂಥ ಸ್ಥಿರ ಖರ್ಚನ್ನು ಘಟಕದ ಮಾಮೂಲಿ ಸಾಮರ್ಥ್ಯದಿಂದ ಭಾಗಿಸಿ. ಕೆಜಿಗೆ 200 ಮಾತ್ರ ನೂಲಿಗೆ ಹಾಕಿ, ಮಿಕ್ಕ 1,00,000ವನ್ನು ಆ ತಿಂಗಳ ಖರ್ಚು ಅಂತ ಬರೆಯಿರಿ. ಯಂತ್ರ ಖಾಲಿ ಕೂತದ್ದಕ್ಕೆ ನೂಲು ದಂಡ ಕಟ್ಟಬೇಕಿಲ್ಲ.

ಹುರಿ ಹಾಕುವ ಮನೆ

ರಾಮನಗರ, ಶಿಡ್ಲಘಟ್ಟದ ಎಷ್ಟೋ ರೀಲರ್‌ಗಳ ಕೆಲಸ ನೂಲಿಗೆ ಮುಗಿಯುತ್ತದೆ. ನೂಲನ್ನು ಮಾರುತ್ತಾರೆ, ಬೆಲೆ ಎಷ್ಟು ಅಂತ ಮಾರುಕಟ್ಟೆಯೇ ಹೇಳುತ್ತದೆ. ಆದರೆ ಒಂದೇ ಸಂಸ್ಥೆ ನೂಲನ್ನೂ ತೆಗೆದು ಬಟ್ಟೆಯನ್ನೂ ನೇಯ್ದರೆ? 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆ, ಇವತ್ತಿನ ಕೆಎಸ್‌ಐಸಿ, ಅಂಥದ್ದು. ನೂಲು ತೆಗೆಯೋದು ತಿ. ನರಸೀಪುರದಲ್ಲಿ, ಸೀರೆ ನೇಯೋದು ಮೈಸೂರಿನಲ್ಲಿ. ಇಂಥ ಕಡೆ ಮಧ್ಯದಲ್ಲಿ ಮಾರುಕಟ್ಟೆ ಇಲ್ಲ. ನೂಲಿಗೆ ಎಷ್ಟು ಬಿತ್ತು ಅಂತ ಹೇಳಬೇಕಾದ್ದು ಲೆಕ್ಕದ ಪುಸ್ತಕವೇ. ಒಂದು ಹಂತದ ತಯಾರಾದ ಮಾಲು ಮುಂದಿನ ಹಂತಕ್ಕೆ ಕಚ್ಚಾ ಮಾಲು. ಅದು ತನ್ನ ಮೇಲೆ ಅಲ್ಲಿಯವರೆಗೆ ಬಿದ್ದ ಖರ್ಚನ್ನೆಲ್ಲ ಹೊತ್ತುಕೊಂಡೇ ಮುಂದೆ ಹೋಗುತ್ತದೆ.

ನಮ್ಮ 960 ಕೆಜಿ ನೂಲು ಹಾಗೆ 39,36,000 ರೂಪಾಯಿ ಹೊತ್ತುಕೊಂಡು ಟ್ವಿಸ್ಟಿಂಗ್‌ಗೆ ಬಂತು. ಇಲ್ಲಿ ನೂಲನ್ನು ಬಾಬಿನ್‌ಗೆ ಸುತ್ತುತ್ತಾರೆ, ಎರಡೋ ಮೂರೋ ಎಳೆ ಕೂಡಿಸುತ್ತಾರೆ, ಹುರಿ ಹಾಕುತ್ತಾರೆ, ಹುರಿ ಬಿಚ್ಚದ ಹಾಗೆ ಹಬೆಯಲ್ಲಿಡುತ್ತಾರೆ, ಮತ್ತೆ ಲಡಿ ಮಾಡುತ್ತಾರೆ. ಇಲ್ಲೂ ಒಂದಿಷ್ಟು ಎಳೆ ಹೋಗುತ್ತದೆ, ಸದ್ಯ ಅದನ್ನು ಬಿಡೋಣ. ಇಲ್ಲಿನ ತೊಂದರೆ ಬೇರೆ.

ತಿಂಗಳ ಮೊದಲ ದಿನ ಯಂತ್ರದ ಮೇಲೆ ಹಿಂದಿನ ತಿಂಗಳ 40 ಕೆಜಿ ಅರೆಬರೆ ಮಾಲು ಇತ್ತು, ಅರ್ಧ ಕೆಲಸ ಆಗಿತ್ತು. ಹೊಸದಾಗಿ 960 ಬಂತು. ಒಟ್ಟು 1,000. ಕೊನೆಯ ದಿನ 800 ಕೆಜಿ ಪೂರ್ತಿ ತಯಾರಾಗಿದೆ. 200 ಕೆಜಿ ಇನ್ನೂ ಬಾಬಿನ್‌ಗಳ ಮೇಲಿದೆ, ಅದಕ್ಕೂ ಅರ್ಧ ಕೆಲಸ ಆಗಿದೆ.

ಖರ್ಚು ಹೀಗಿದೆ. ಹಳೆಯ 40 ಕೆಜಿಯ ನೂಲಿನ ಬೆಲೆ 1,56,000 ರೂಪಾಯಿ, ಅದಕ್ಕೆ ಹಿಂದಿನ ತಿಂಗಳು ಹಿಡಿದ ಟ್ವಿಸ್ಟಿಂಗ್ ಖರ್ಚು 5,100. ಹೊಸ ನೂಲು 39,36,000. ಈ ತಿಂಗಳ ಟ್ವಿಸ್ಟಿಂಗ್ ಕೂಲಿ, ಕರೆಂಟು ಇತ್ಯಾದಿ 2,64,000. ಎಲ್ಲ ಸೇರಿ 43,61,100.

ಇದನ್ನು ಯಾವುದರಿಂದ ಭಾಗಿಸೋದು? ತಯಾರಾದ 800ರಿಂದ ಭಾಗಿಸಿದರೆ ಕೆಜಿಗೆ 5,451. ಬಾಬಿನ್ ಮೇಲಿರೋ 200 ಕೆಜಿ ರೇಷ್ಮೆಗೆ ಬೆಲೆಯೇ ಇಲ್ಲ ಅಂದ ಹಾಗಾಯಿತು. 1,000ದಿಂದ ಭಾಗಿಸಿದರೆ 4,361. ಅರ್ಧ ಹುರಿಯಾದ ನೂಲಿಗೂ ಪೂರ್ತಿ ಹುರಿಯಾದದ್ದಕ್ಕೂ ಒಂದೇ ಬೆಲೆ ಕಟ್ಟಿದ ಹಾಗಾಯಿತು. ಎರಡೂ ಸರಿಯಿಲ್ಲ.

ಈ ಗಂಟು ಬಿಡಿಸೋಕೆ ಇರುವ ಉಪಾಯವೇ ಈಕ್ವಿವಲೆಂಟ್ ಯೂನಿಟ್, ಪಠ್ಯಪುಸ್ತಕದ ಕನ್ನಡದಲ್ಲಿ ಸಮಾನ ಘಟಕ. ಹೆಸರು ಕೇಳಿ ಹೆದರಬೇಡಿ. ಮನೆಯಲ್ಲಿ ಇದನ್ನು ದಿನಾ ಮಾಡ್ತೀವಿ. ಹತ್ತು ಕಾಯಿ ತುರಿಯೋಕೆ ಕೂತಿದ್ದೀರಿ. ಆರು ಪೂರ್ತಿ ಆಗಿದೆ, ನಾಲ್ಕು ಅರ್ಧರ್ಧ ತುರಿದಿಟ್ಟಿದ್ದೀರಿ. ಎಷ್ಟು ಕಾಯಿಯ ಕೆಲಸ ಆಯಿತು ಅಂದರೆ ಎಂಟು ಅಂತೀರಿ ಅಲ್ವಾ? ಅಷ್ಟೇ. ಅರ್ಧ ಆದ ನಾಲ್ಕು, ಪೂರ್ತಿ ಆದ ಎರಡಕ್ಕೆ ಸಮ.

ಆದರೆ ಒಂದು ಎಚ್ಚರ ಬೇಕು. ಕೆಲಸ ಎಂಟು ಕಾಯಿಯದ್ದಾದರೂ ಒಡೆದ ಕಾಯಿ ಹತ್ತೂ ಹೌದು. ಅಂಗಡಿಗೆ ದುಡ್ಡು ಹತ್ತಕ್ಕೂ ಕೊಟ್ಟಾಗಿದೆ. ಹಾಗೇ ಇಲ್ಲೂ. ಬಾಬಿನ್ ಮೇಲಿನ 200 ಕೆಜಿಗೆ ಹುರಿಯ ಕೆಲಸ ಅರ್ಧ ಆಗಿದ್ದರೂ ನೂಲು ಪೂರ್ತಿ ಒಳಗೆ ಬಂದಿದೆ. ಹಾಗಾಗಿ ಒಂದು ಛೇದ ಸಾಲದು, ಎರಡು ಬೇಕು. ನೂಲಿಗೊಂದು, ಕೆಲಸಕ್ಕೊಂದು. ವಿದ್ಯಾರ್ಥಿಗಳು ಎಡವೋದು ನೂರಕ್ಕೆ ತೊಂಬತ್ತು ಸಲ ಇಲ್ಲೇ. ನಾನೂ ಎಡವಿದ್ದೆ.

ನೂಲಿನ ಲೆಕ್ಕ: 800 ಮತ್ತು 200, ಒಟ್ಟು 1,000 ಘಟಕ. ಖರ್ಚು 1,56,000 ಮತ್ತು 39,36,000, ಒಟ್ಟು 40,92,000. ಕೆಜಿಗೆ 4,092.

ಕೆಲಸದ ಲೆಕ್ಕ: 800 ಪೂರ್ತಿ, 200ರ ಅರ್ಧ 100, ಒಟ್ಟು 900 ಘಟಕ. ಖರ್ಚು 5,100 ಮತ್ತು 2,64,000, ಒಟ್ಟು 2,69,100. ಕೆಜಿಗೆ 299.

ಎರಡೂ ಕೂಡಿಸಿದರೆ ಹುರಿ ನೂಲಿನ ಅಸಲು ಕೆಜಿಗೆ 4,391 ರೂಪಾಯಿ. ಆಗಲೇ 1,000ದಿಂದ ಭಾಗಿಸಿ 4,361 ಅಂದವರು ಕೆಜಿಗೆ 30 ರೂಪಾಯಿ ಕಡಿಮೆ ಹೇಳಿದ್ದರು. ಚಿಕ್ಕದು ಅನ್ನಿಸುತ್ತದೆ. ಟ್ವಿಸ್ಟಿಂಗ್‌ನವರು ಕೆಜಿಗೆ 30 ರೂಪಾಯಿ ಲಾಭ ಇಟ್ಟುಕೊಂಡಿದ್ದರೆ ಅಷ್ಟೂ ಹೋಯಿತು.

ಇನ್ನು ಈ ದರಗಳಲ್ಲಿ ಹಂಚಿ ನೋಡಬೇಕು. ತಯಾರಾದ 800 ಕೆಜಿಗೆ 4,391ರಂತೆ 35,12,800. ಬಾಬಿನ್ ಮೇಲಿನದಕ್ಕೆ ನೂಲು 200 ಕೆಜಿಗೆ 4,092ರಂತೆ 8,18,400, ಕೆಲಸ 100 ಘಟಕಕ್ಕೆ 299ರಂತೆ 29,900. ಒಟ್ಟು 8,48,300. ಎರಡೂ ಸೇರಿದರೆ 43,61,100. ಒಳಗೆ ಹೋದ ದುಡ್ಡಿಗೆ ಸರಿಯಾಗಿ ತಾಳೆಯಾಯಿತು. ಈ ತಾಳೆ ನೋಡೋದನ್ನು ಬಿಡಲೇಬೇಡಿ. ಛೇದ ಎಲ್ಲೋ ತಪ್ಪಿದ್ದರೆ ಸಾಮಾನ್ಯವಾಗಿ ಇಲ್ಲಿ ಸಿಕ್ಕಿಬೀಳುತ್ತದೆ.

ಹಳೆಯದನ್ನು ಬೆರೆಸೋದೋ, ಬೇರೆ ಇಡೋದೋ

ಮೇಲೆ ಮಾಡಿದ್ದರಲ್ಲಿ ಹಿಂದಿನ ತಿಂಗಳ ಖರ್ಚನ್ನೂ ಈ ತಿಂಗಳದ್ದನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿಬಿಟ್ಟೆವು. ಇದು ತೂಕದ ಸರಾಸರಿ ಪದ್ಧತಿ. ಇನ್ನೊಂದು ದಾರಿ ಫಿಫೊ. ಮೊದಲು ಬಂದದ್ದು ಮೊದಲು ಹೊರಗೆ. ಇದರಲ್ಲಿ ಈ ತಿಂಗಳ ಕೆಲಸವನ್ನು ಮಾತ್ರ ಈ ತಿಂಗಳ ಖರ್ಚಿಗೆ ಎದುರು ಇಡುತ್ತಾರೆ.

ಈ ತಿಂಗಳು ಎಷ್ಟು ಕೆಲಸ ಆಯಿತು? 900 ಘಟಕದಲ್ಲಿ ಹಳೆಯ 40 ಕೆಜಿಗೆ ಹಿಂದೆಯೇ ಆಗಿದ್ದ ಅರ್ಧ, ಅಂದರೆ 20 ಘಟಕ ಕಳೆಯಬೇಕು. 880. ಖರ್ಚು 2,64,000. ಕೆಜಿಗೆ ಸರಿಯಾಗಿ 300. ಹೊಸ ನೂಲು 4,100. ಒಟ್ಟು 4,400. ಹಿಂದಿನ ತಿಂಗಳ ಕೆಲಸದ ದರ 5,100ನ್ನು 20ರಿಂದ ಭಾಗಿಸಿದರೆ 255 ಇತ್ತು.

ವ್ಯತ್ಯಾಸ ನೋಡಿ. ಸರಾಸರಿ 299 ಅಂದಿತು, ಫಿಫೊ 300 ಅಂದಿತು. ಒಂದು ರೂಪಾಯಿಗೆ ಇಷ್ಟು ಗಲಾಟೆಯಾ ಅನ್ನಬೇಡಿ. ಹಳೆಯ ಮಾಲು 40 ಕೆಜಿ ಮಾತ್ರ ಇದ್ದದ್ದರಿಂದ ಹೀಗೆ. ಅದೇ 400 ಕೆಜಿ ಇದ್ದಿದ್ದರೆ ಹಿಂದಿನ ತಿಂಗಳ ಅಗ್ಗದ 255 ಬಂದು ಸರಾಸರಿಯನ್ನು ಚೆನ್ನಾಗಿಯೇ ಕೆಳಗೆ ಎಳೆಯುತ್ತಿತ್ತು. ಕೆಲಸದ ಖರ್ಚು 255ರಿಂದ 300ಕ್ಕೆ ಹಾರಿದೆ ಅನ್ನೋ ಸುದ್ದಿಯೇ ಮುಚ್ಚಿಹೋಗುತ್ತಿತ್ತು. ಫಿಫೊದಲ್ಲಿ ಅದು ಎದ್ದು ಕಾಣುತ್ತದೆ. ಕರೆಂಟಿನ ದರ ಏರಿತಾ, ಯಂತ್ರ ಕೆಟ್ಟಿತ್ತಾ, ಎಳೆ ಜಾಸ್ತಿ ತುಂಡಾಗ್ತಾ ಇದೆಯಾ ಅಂತ ಕೇಳಬಹುದು.

ನನ್ನ ಮಟ್ಟಿಗೆ, ಗೂಡಿನ ಹಾಗೆ ಬೆಲೆ ದಿನಾ ಕುಣಿಯುವ ಕಡೆ ಒಳಗಿನ ತೀರ್ಮಾನಕ್ಕೆ ಫಿಫೊ ವಾಸಿ. ಪುಸ್ತಕ ಬರೆಯೋಕೆ ಸರಾಸರಿ ಸುಲಭ. ಎರಡಕ್ಕೂ ಮಾನದಂಡದ ಒಪ್ಪಿಗೆ ಇದೆ. ಕೊನೆಗೆ ಬಂದದ್ದನ್ನು ಮೊದಲು ಕಳಿಸುವ ಲಿಫೊಗೆ ಮಾತ್ರ ಇಲ್ಲ. ಒಂದು ಆರಿಸಿಕೊಂಡರೆ ಅದರಲ್ಲೇ ಇರಬೇಕು. ಲಾಭ ಕಮ್ಮಿ ಕಂಡ ತಿಂಗಳು ಪದ್ಧತಿ ಬದಲಿಸೋದು ಅಂದರೆ ತಕ್ಕಡಿಯನ್ನೇ ತಿದ್ದಿದ ಹಾಗೆ.

ತಿದ್ದೋಕೆ ಇದಕ್ಕಿಂತ ಸುಲಭದ ಜಾಗ ಇನ್ನೊಂದಿದೆ. ‘ಅರ್ಧ ಕೆಲಸ ಆಗಿದೆ’ ಅಂತ ಹೇಳಿದವರು ಯಾರು? ಆ 50% ಬಿಲ್‌ನಲ್ಲಿ ಇರಲ್ಲ. ಯಾರೋ ಒಬ್ಬರು ಬಾಬಿನ್‌ಗಳನ್ನು ನೋಡಿ ಅಂದಾಜಿಸಿದ್ದು. ಅದನ್ನು 80% ಅಂತ ಬರೆದರೆ ಏನಾಗುತ್ತದೆ ನೋಡೋಣ. 200ಕ್ಕೆ 160 ಘಟಕ, ಒಟ್ಟು 960. 2,69,100ನ್ನು 960ರಿಂದ ಭಾಗಿಸಿದರೆ 280 ರೂಪಾಯಿ ಚಿಲ್ಲರೆ. ತಯಾರಾದ ಮಾಲಿನ ಮೇಲಿನ ಖರ್ಚು 14,950 ರೂಪಾಯಿ ಇಳಿಯಿತು. ಆ 800 ಕೆಜಿ ಮಾರಿಹೋಗಿದ್ದರೆ ಲಾಭ ಅಷ್ಟೇ ಏರಿತು. ಒಂದು ಎಳೆಯೂ ಹೆಚ್ಚಿಗೆ ಹುರಿಯಾಗಿಲ್ಲ. ಸುಮ್ನೆ ಒಂದು ಅಂಕಿ ಬದಲಾಯಿತು ಅಷ್ಟೇ. ಆಡಿಟರ್‌ಗಳು ತಿಂಗಳ ಕೊನೆಯ ಅರೆಬರೆ ಮಾಲಿನ ಮೇಲೆ ಯಾಕೆ ಕಣ್ಣಿಡುತ್ತಾರೆ ಅಂತ ಈಗ ಗೊತ್ತಾಗಿರಬೇಕು.

ಇದಕ್ಕೆ ಮದ್ದು, ಅಂದಾಜನ್ನು ಹಂತಗಳಿಗೆ ಕಟ್ಟಿಹಾಕೋದು. ಸುತ್ತೋದು ಮುಗಿದಿದ್ದರೆ ಇಷ್ಟು, ಎಳೆ ಕೂಡಿಸಿ ಆಗಿದ್ದರೆ ಇಷ್ಟು, ಹಬೆಯಿಂದ ಹೊರಬಂದಿದ್ದರೆ ಇಷ್ಟು ಅಂತ ಒಂದು ಸಲ ಕೂತು ಕೂಲಿ ಮತ್ತು ಕರೆಂಟು ಅಳೆದು ಗೊತ್ತು ಮಾಡಿಟ್ಟುಕೊಳ್ಳಬೇಕು. ಆಮೇಲೆ ಕಣ್ಣಂದಾಜು ಬೇಡ, ಯಾವ ಹಂತದಲ್ಲಿ ಎಷ್ಟು ಬಾಬಿನ್ ಇದೆ ಅಂತ ಎಣಿಸಿದರೆ ಸಾಕು. ಕಂಪ್ಯೂಟರ್ ಭಾಗಾಕಾರ ಮಾಡಿಕೊಡುತ್ತದೆ. ಬಾಬಿನ್ ಎಣಿಸಲ್ಲ.

ಅಂಟು ತೆಗೆದು ಬಣ್ಣ ಹಾಕುವ ಮನೆ

ಹುರಿ ನೂಲು ಈಗ ಬಣ್ಣಕ್ಕೆ ಹೋಗುತ್ತದೆ. ಕಚ್ಚಾ ರೇಷ್ಮೆಯ ಎಳೆಯ ಮೇಲೆ ಸೆರಿಸಿನ್ ಅನ್ನೋ ಅಂಟು ಇರುತ್ತದೆ. ಮುಟ್ಟಿದರೆ ಒರಟು, ಹೊಳಪು ಇಲ್ಲ. ಸೋಪು, ಸೋಡಾ ಹಾಕಿದ ಬಿಸಿನೀರಿನಲ್ಲಿ ಕುದಿಸಿ ಅಂಟು ತೆಗೆದ ಮೇಲೇ ನಮಗೆ ಗೊತ್ತಿರುವ ನಯ, ಮಿನುಗು ಬರೋದು. ಆದರೆ ಅಂಟು ಹೋದರೆ ತೂಕವೂ ಹೋಗುತ್ತದೆ. ಸುಮಾರು ಕಾಲು ಭಾಗ.

800 ಕೆಜಿ ಒಳಗೆ ಹೋದದ್ದು 600 ಆಗಿ ಹೊರಬರುತ್ತದೆ. 35,12,800 ರೂಪಾಯಿಯನ್ನು 600ರಿಂದ ಭಾಗಿಸಿ. 5,855. ಇನ್ನೂ ಸೋಪಿನ ದುಡ್ಡೂ ಹಾಕಿಲ್ಲ, ಬಣ್ಣದ ದುಡ್ಡೂ ಹಾಕಿಲ್ಲ, ಅಸಲು ಕೆಜಿಗೆ 1,464 ರೂಪಾಯಿ ಏರಿಬಿಟ್ಟಿತು. ಇದನ್ನು ಮೊದಲ ಸಲ ನೋಡಿದವರು ಲೆಕ್ಕ ತಪ್ಪಾಗಿದೆ ಅಂತ ಕ್ಯಾಲ್ಕುಲೇಟರ್ ಒತ್ತಿ ಒತ್ತಿ ನೋಡುತ್ತಾರೆ. ತಪ್ಪಿಲ್ಲ. ಹುರಿ ಹಾಕುವ ಮನೆಯ ಒಂದು ಕೆಜಿಯೂ ಬಣ್ಣದ ಮನೆಯ ಒಂದು ಕೆಜಿಯೂ ಒಂದೇ ಅಲ್ಲ. ಮೊದಲನೆಯದರಲ್ಲಿ ಕಾಲು ಕೆಜಿ ಅಂಟಿತ್ತು. ಯಾರಾದರೂ ‘ಬಣ್ಣದ ಮನೆಯಲ್ಲಿ ಕೆಜಿಗೆ ಸಾವಿರಗಟ್ಟಲೆ ಖರ್ಚಾಗ್ತಾ ಇದೆ’ ಅಂತ ದೂರಿದರೆ ಮೊದಲು ತೂಕ ಕೇಳಿ.

ಬಣ್ಣದ ಮನೆಯ ಸ್ವಂತ ಖರ್ಚು, ಸೋಪು, ಸೋಡಾ, ಬಣ್ಣ, ಸೌದೆ, ಕೂಲಿ ಎಲ್ಲ ಸೇರಿ 1,47,200 ಅಂದುಕೊಳ್ಳಿ. ಒಟ್ಟು 36,60,000, ಕೆಜಿಗೆ 6,100. ಇಲ್ಲಿ ತಿಂಗಳ ಕೊನೆಗೆ ಅರೆಬರೆ ಮಾಲು ಇಲ್ಲ ಅಂತ ಹಿಡಿದಿದ್ದೇನೆ. ಇದ್ದರೆ ಛೇದ ಎರಡು ಸಾಲದು. ಸೋಪು ಶುರುವಿನಲ್ಲೇ ಬೀಳುತ್ತದೆ, ಬಣ್ಣ ಆಮೇಲೆ. ಅಂಟು ತೆಗೆದು ಬಣ್ಣಕ್ಕೆ ಕಾದಿರುವ ನೂಲಿನಲ್ಲಿ ಸೋಪಿನ ಖರ್ಚು ಪೂರ್ತಿ ಇದೆ, ಬಣ್ಣದ್ದು ಸೊನ್ನೆ, ಕೂಲಿಯದ್ದು ನಡುವೆ ಎಲ್ಲೋ. ಯಾವ ಖರ್ಚು ಯಾವಾಗ ಒಳಗೆ ಬೀಳುತ್ತದೋ ಅದಕ್ಕೆ ತಕ್ಕಂತೆ ಅದರದ್ದೇ ಘಟಕದ ಲೆಕ್ಕ.

ಇನ್ನೊಂದು ಮಾತು, ಚುಟುಕಾಗಿ. ಹುಳು ಮತ್ತು ರೇಷ್ಮೆ ವೇಸ್ಟಿನ ದುಡ್ಡನ್ನು ನಾವು ನೂಲಿನ ಖರ್ಚಿನಿಂದ ಸುಮ್ನೆ ಕಳೆದೆವು. ಅದು ನಡೆಯೋದು ಉಪ ಉತ್ಪನ್ನ ಚಿಕ್ಕದಾಗಿದ್ದಾಗ ಮಾತ್ರ. ಮಂಗಳೂರಿನ ಎಂಆರ್‌ಪಿಎಲ್‌ನಂಥ ತೈಲ ಸಂಸ್ಕರಣಾಗಾರದಲ್ಲಿ ಒಂದೇ ಕಚ್ಚಾ ತೈಲದಿಂದ ಪೆಟ್ರೋಲ್, ಡೀಸೆಲ್, ವಿಮಾನದ ಇಂಧನ ಎಲ್ಲ ಬರುತ್ತದೆ. ಯಾವುದು ಮುಖ್ಯ, ಯಾವುದು ಉಪ? ಅಲ್ಲಿ ಖರ್ಚನ್ನು ಮಾರುವ ಬೆಲೆಯ ಪ್ರಕಾರವೋ ಪ್ರಮಾಣದ ಪ್ರಕಾರವೋ ಎಲ್ಲದಕ್ಕೂ ಹಂಚಬೇಕು. ಅದು ಬೇರೆಯೇ ಒಂದು ಲೇಖನಕ್ಕೆ ಆಗುವಷ್ಟಿದೆ.

ರೇಷ್ಮೆಗೆ ವಾಪಸ್ ಬರೋಣ. 600 ಕೆಜಿ ಅಂದೆನಲ್ಲ, ಅದನ್ನು ತೂಗಿದ್ದು ಯಾವ ದಿನ? ರೇಷ್ಮೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವ್ಯಾಪಾರದಲ್ಲಿ ಒಪ್ಪಿಕೊಂಡಿರೋ ಲೆಕ್ಕ, ಪೂರ್ತಿ ಒಣಗಿದ ರೇಷ್ಮೆಯ ತೂಕಕ್ಕೆ 11% ತೇವ. ನಮ್ಮ 600 ಕೆಜಿ ಆ ಲೆಕ್ಕದ್ದು ಅಂತಿಟ್ಟುಕೊಂಡರೆ ಒಣ ರೇಷ್ಮೆ ಸುಮಾರು 540 ಕೆಜಿ ಆಯಿತು. ಜಡಿಮಳೆಯ ವಾರದಲ್ಲಿ ತೇವ 15%ಕ್ಕೆ ಏರಿದರೆ ಅದೇ ನೂಲು ತಕ್ಕಡಿಯಲ್ಲಿ ಸುಮಾರು 622 ಕೆಜಿ ತೂಗುತ್ತದೆ. 36,60,000ವನ್ನು 622ರಿಂದ ಭಾಗಿಸಿದರೆ ಕೆಜಿಗೆ 5,884. ಮಳೆ ಬಂದದ್ದಕ್ಕೆ ಅಸಲು 216 ರೂಪಾಯಿ ಇಳಿಯಿತು! ಅದಕ್ಕೇ ದೊಡ್ಡ ಲಾಟುಗಳಲ್ಲಿ ನೂಲಿನ ಮಾದರಿ ತೆಗೆದು, ಒಲೆಯಲ್ಲಿ ಪೂರ್ತಿ ಒಣಗಿಸಿ ತೂಗಿ, ಅದಕ್ಕೆ 11% ಸೇರಿಸಿ ಬಿಲ್ ಮಾಡುತ್ತಾರೆ. ಆ ಲೆಕ್ಕ ಮಾಡದೆ ಜುಲೈನಲ್ಲಿ 622 ಕೆಜಿ ದಾಸ್ತಾನು ಬರೆದವರು ಬಿಸಿಲು ಬಂದ ಮೇಲೆ 22 ಕೆಜಿ ರೇಷ್ಮೆ ಕಳುವಾಯಿತು ಅಂತ ಕಾವಲುಗಾರರನ್ನು ನಿಲ್ಲಿಸಿ ಕೇಳುತ್ತಿರುತ್ತಾರೆ.